ಸುಣ್ಣ ತಿಂದ ಫೋನು

ಏಳನೇ ಕಂತು

"ಹೋಗಿದೆ ಕಣೇ ಪ್ರಮೀ. ಇದರ ಆಸೆ ಬಿಟ್ಬುಡು."

ನಾಗರಾಜು ಫೋನನ್ನು ತನ್ನ ಮೊಬೈಲ್ ರಿಪೇರಿ ಅಂಗಡಿಯ ಮೇಜಿನ ಮೇಲೆ ಅಂಗಾತ ಮಲಗಿಸಿ, ಆಪರೇಷನ್ ಮುಗಿಸಿ ಹೊರಬಂದ ಡಾಕ್ಟರನ ಗತ್ತಿನಲ್ಲಿ ಕೈ ಒರೆಸಿಕೊಂಡ.

"ಹೋಗಿದೆ ಅನ್ನೋಕೆ ಮುಂಚೆ ಪಕ್ಕದಲ್ಲಿ ಯಾರು ಕೂತವ್ರೆ ಅಂತ ನೋಡ್ರಿ," ಎಂದು ಪ್ರಮೀಳಾ ಪಿಸುಗುಟ್ಟಿದಳು.

ಪಕ್ಕದಲ್ಲಿ ಕೂತಿದ್ದವಳು ಬೆಟ್ಟಮ್ಮ. ಹೊಣಕೆರೆಯಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಬಂದವಳು ಪ್ಲಾಸ್ಟಿಕ್ ಸ್ಟೂಲಿನ ಅಂಚಿಗೆ ಕೂತು ಆ ಫೋನನ್ನೇ ನೋಡುತ್ತಿದ್ದಳು. ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕೂತವರು ನೋಡುತ್ತಾರಲ್ಲ, ಹಾಗೆ. ಫೋನು ಅವಳ ಗಂಡ ಮಾಯಣ್ಣನದು. ಹಸುವಿಗೆ ಹಿಂಡಿ ತರುತ್ತೇನೆಂದು ನಾಗಮಂಗಲಕ್ಕೆ ಹೊರಟ ಮಾಯಣ್ಣ ಮನೆಗೆ ಬಾರದೆ ವಾರವಾಗಿತ್ತು. ದಿನಾ ನುಂಗಬೇಕಾದ ಎದೆಯ ಮಾತ್ರೆ ಮನೆಯ ಗೂಡಿನಲ್ಲೇ ಉಳಿದಿತ್ತು. ಫೋನು ಮಾತ್ರ ನಿನ್ನೆ ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ, ಕೆ.ಆರ್. ಪೇಟೆ ಕಡೆಯಿಂದ ಬಂದ ಬಸ್ಸಿನ ಕೊನೆಯ ಸೀಟಿನ ಕೆಳಗೆ ಸಿಕ್ಕಿತ್ತು.

ನಾಗರಾಜು ಸುಮ್ಮನೆ ಕೈಚೆಲ್ಲಿರಲಿಲ್ಲ, ಪಾಪ. ಮೊದಲು ವೈರು ಬದಲಿಸಿದ. ಆಮೇಲೆ ಚಾರ್ಜರು ಬದಲಿಸಿದ. ಕರೆಂಟಿನ ಮೇಲೇ ಅನುಮಾನ ಬಂದು ಪಕ್ಕದ ಜೆರಾಕ್ಸ್ ಅಂಗಡಿಯ ಪ್ಲಗ್ಗಿಗೂ ಸಿಕ್ಕಿಸಿ ನೋಡಿ ಬಂದ. ಪವರ್ ಬಟನ್ನನ್ನು ಹೆಬ್ಬೆರಳು ನೋಯುವವರೆಗೂ ಒತ್ತಿ ಹಿಡಿದ. ಕೊನೆಗೆ, ಎಷ್ಟು ಕರೆಂಟು ಹರಿಯುತ್ತಿದೆ ಎಂದು ತೋರಿಸುವ ಪುಟ್ಟ ಮೀಟರನ್ನು ನಡುವೆ ಹಾಕಿದ. ಮೀಟರು ಸೊನ್ನೆ ಬಿಟ್ಟು ಅಲುಗಲಿಲ್ಲ.

"ಬೋರ್ಡೇ ಹೋಗಿರ್ಬೇಕು. ಬಿಚ್ಚಿ ನೋಡ್ಲಾ?"

"ಬಿಚ್ಚಂಗಿಲ್ಲ. ನಾಳೆ ಸ್ಟೇಷನ್ನಿಗೆ ಒಪ್ಪಿಸೋ ಸಾಮಾನು ಅದು. ಸ್ಕ್ರೂ ಮುಟ್ಟಂಗಿಲ್ಲ, ಸಿಮ್ಮು ಮುಟ್ಟಂಗಿಲ್ಲ. ಚಾರ್ಜ್ ಮಾಡ್ಕೊಡಿ ಅಂದೆ, ಅಷ್ಟೆ."

"ಒಳ್ಳೇ ಕತೆ ಆಯ್ತು! ಬಾಯಿ ತೆಗೀದಂಗೆ ಹಲ್ಲು ಕೀಳು ಅಂತೀಯಲ್ಲ."

ಪ್ರಮೀಳಾ ಹೆಡ್ ಕಾನ್ಸ್‌ಟೇಬಲ್ ಆಗಿ ನಿವೃತ್ತಳಾದ ಮೇಲೆ ಬಾಬುರಾಯನಕೊಪ್ಪಲಿನ ಮನೆಯಲ್ಲಿ ಖಾಕಿ ಟ್ರಂಕಿನ ತಳ ಸೇರಿತ್ತು. ಆದರೆ ಠಾಣೆಯ ಮೆಟ್ಟಿಲು ಹತ್ತಲು ಅಂಜುವ ಹೆಂಗಸರು ಈಗಲೂ ಮೊದಲು ಅವಳ ಬಾಗಿಲಿಗೇ ಬರುತ್ತಿದ್ದರು. ಇದರಿಂದ ನಾಗರಾಜುವಿಗೆ ಬಾಯಲ್ಲಿ ಗೊಣಗಾಟ, ಒಳಗೊಳಗೆ ಹೆಮ್ಮೆ. ಹೆಮ್ಮೆಯನ್ನು ಅವನು ಎಂದೂ ಬಾಯಿಬಿಟ್ಟು ಹೇಳಿದವನಲ್ಲ. ಹೆಂಡತಿ ಕೇಸು ಹಿಡಿದ ದಿನ ಅಂಗಡಿಯ ಬೀಗ ತೆಗೆಯುವಾಗ ಅವನು ಶಿಳ್ಳೆ ಹಾಕುತ್ತಾನೆ ಎಂಬುದು ಪ್ರಮೀಳಾಗೆ ಗೊತ್ತಿದ್ದರೆ ಸಾಕಲ್ಲ.

"ರೀ, ಆ ವೈರನ್ನ ಇನ್ನೊಂದ್ಸಲ ಹಾಕಿ."

ಹಾಕಿದ.

"ಈಗ ನನ್ ಫೋನಿಗೆ ಹಾಕಿ."

ಹಾಕಿದ. ಪಿನ್ನು ಟಕ್ ಎಂದು ಕೂತಿತು.

"ಕೇಳಿಸ್ತಾ? ನನ್ ಫೋನಲ್ಲಿ ಟಕ್ ಅಂತು. ಮಾಯಣ್ಣೋರ ಫೋನಲ್ಲಿ ಅನ್ನಲಿಲ್ಲ. ಪಿನ್ನು ಪೂರ್ತಿ ಒಳಕ್ಕೇ ಹೋಗ್ತಿಲ್ಲ ಕಣ್ರೀ, ಅಕ್ಕಿಕಾಳಿನಷ್ಟು ಹೊರಗೇ ನಿಂತೈತೆ."

ನಾಗರಾಜು ಕತ್ತು ಕೆರೆದುಕೊಂಡ. "ಜೇಬಿನ ಕಸ ತುಂಬಿರ್ಬೇಕು. ಅದನ್ನೇ ಹೇಳೋನಿದ್ದೆ."

"ಹೌದೌದು, ನಾಳೆ ಹೇಳೋರಿದ್ರಿ."

ಕಂಗೆಟ್ಟು ಕೂತಿದ್ದ ಬೆಟ್ಟಮ್ಮನ ಮುಖದಲ್ಲೂ ಒಂದು ಎಳೆ ನಗು ಬಂದು ಹೋಯಿತು. ಪ್ರಮೀಳಾಗೆ ಬೇಕಾಗಿದ್ದುದೂ ಅದೇ.

ನಾಗರಾಜು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಟೇಬಲ್ ಲ್ಯಾಂಪು ಬಗ್ಗಿಸಿ, ಫೋನಿನ ಚಾರ್ಜಿಂಗ್ ತೂತಿನೊಳಗೆ ಇಣುಕಿದ. ತಮಾಷೆ ಅವನ ಮುಖದಿಂದ ಇಳಿದುಹೋಯಿತು.

"ಇದು ಜೇಬಿನ ಕಸ ಅಲ್ಲ ಕಣೇ. ಬಟ್ಟೆ ನಾರು, ಬೀಡಿ ಪುಡಿ, ಕಡ್ಲೆಕಾಯಿ ಸಿಪ್ಪೆ ಎಲ್ಲಾ ಕಂಡಿವ್ನಿ. ಇದು ಗಾರೆ ಥರ ಐತೆ. ಬೆಳ್ಳಗೆ, ಗಟ್ಟಿಗೆ."

ಸೂಜಿ ಹಾಕಿದರೆ ಒಳಗಿನ ನಾಲಿಗೆ ಮುರಿಯುತ್ತದೆಂದು ಹಲ್ಲುಕಡ್ಡಿ ತೆಗೆದುಕೊಂಡ. ಒಂದು ಹನಿ ಸ್ಪಿರಿಟ್ಟು ಬಿಟ್ಟು, ಮಗುವಿನ ಕಿವಿ ಶುಚಿ ಮಾಡುವಷ್ಟು ಮೆಲ್ಲಗೆ ಕೆರೆಯತೊಡಗಿದ. ಹಾಸಿದ್ದ ಕಪ್ಪು ಬಟ್ಟೆಯ ಮೇಲೆ ಬಿಳಿ ಚೂರುಗಳು ಒಂದೊಂದಾಗಿ ಉದುರಿದವು. ಒಂದು ಚೂರನ್ನು ಬೆರಳ ತುದಿಗೆ ಹತ್ತಿಸಿಕೊಂಡು ನೋಡಿದವನೇ ನಾಲಿಗೆಗೆ ಮುಟ್ಟಿಸಿಬಿಟ್ಟ.

"ಥೂ! ಸುಣ್ಣ!"

"ಸಾಕ್ಷಿನೇ ತಿಂತೀರಲ್ರೀ!"

"ಮೂವತ್ತು ವರ್ಷದಿಂದ ಎಲೆ ಅಡಿಕೆ ಹಾಕೋ ನಾಲಿಗೆ ಇದು. ಸುಣ್ಣ ಅಂದ್ರೆ ಸುಣ್ಣ. ಲ್ಯಾಬಿಗೆ ಕಳಿಸಿದ್ರೂ ಇದನ್ನೇ ಹೇಳೋದು."

ಒಣ ಸುಣ್ಣವಾದರೆ ಕೆರೆದರೆ ಪುಡಿಯಾಗಿ ಉದುರುತ್ತಿತ್ತು. ಇದು ನೀರು ಕಂಡು ಗಟ್ಟಿಯಾದ ಸುಣ್ಣ. ಪ್ರಮೀಳಾ ಅದನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಕೊನೆಯ ಚೂರಿನ ಜೊತೆ ಒಂದು ಎಳೆ ಬಂತು. ಕೂದಲಿಗಿಂತ ಸಣ್ಣದು, ಬಿಳಿ, ಬೆಳಕಿಗೆ ಹಿಡಿದರೆ ಸಣ್ಣ ಹೊಳಪು. ನಾಗರಾಜು ಚಿಮಟದಲ್ಲಿ ಎಳೆದ. ಅದು ತುಂಡಾಗದೆ ಬರುತ್ತಲೇ ಹೋಯಿತು. ಅದನ್ನು ಬಟ್ಟೆಯ ಮೇಲಿಟ್ಟು ಅವನು ಬ್ರಷ್ಷು ಹುಡುಕಲು ತಿರುಗಿದ. ಪ್ರಮೀಳಾ ಅವನಿಗೆ ಬ್ರಷ್ಷು ತೋರಿಸಿ ಮತ್ತೆ ಇತ್ತ ನೋಡುವಷ್ಟರಲ್ಲಿ ಬಟ್ಟೆಯ ಮೇಲೆ ಎಳೆ ಇರಲಿಲ್ಲ.

ಬೆಟ್ಟಮ್ಮನ ಬಲಗೈ ಸೆರಗಿನೊಳಗೆ ಹೋಗಿತ್ತು.

"ಬೆಟ್ಟಮ್ಮ, ಕೈ ಬಿಚ್ಚಿ."

"ಏನಿಲ್ಲ ಕಣವ್ವ."

"ಬಿಚ್ಚಿ ಅಂದೆ."

ದನಿ ಏರಿಸಲಿಲ್ಲ. ಬೆಟ್ಟಮ್ಮ ಮುಷ್ಟಿ ಬಿಚ್ಚಿದಳು. ಬೆವರಿದ ಅಂಗೈಗೆ ಎಳೆ ಅಂಟಿಕೊಂಡಿತ್ತು.

"ಗಂಡನ್ನ ಹುಡುಕ್ಕೊಡಿ ಅಂತ ಬಂದು ಸಾಕ್ಷಿ ಬಚ್ಚಿಡ್ತೀರಲ್ಲ. ಇದೇನು ಅಂತ ನಿಮಗೆ ಗೊತ್ತು. ಅಲ್ವಾ?"

ಬೆಟ್ಟಮ್ಮ ಎಳೆಯನ್ನು ಮತ್ತೆ ಬಟ್ಟೆಯ ಮೇಲಿಟ್ಟು, "ರೇಷ್ಮೆ ಕಣವ್ವ," ಎಂದಳು. "ನಮ್ಮಪ್ಪನ್ ಮನೇಲಿ ಉಳ ಮೇಯಿಸೋರು. ನಾನು ಅದ್ರಲ್ಲೇ ಹುಟ್ಟಿ ಬೆಳೆದೋಳು. ಉಳ ಜ್ವರಕ್ಕೆ ಕೂತಾಗ ಹಾಸ್ಗೆ ಒಣಗ್ಲಿ ಅಂತ ಸುಣ್ಣದ ಪುಡಿ ಉದುರಿಸ್ತೀವಿ. ಈಗ ಆ ಮನೇಲಿ ನನ್ ತಮ್ಮ ಸಿದ್ದ ಅವ್ನೆ. ಅವ್ನು ಅಂತೋನಲ್ಲ ಕಣವ್ವ. ನನ್ ಸೊಂಟದ ಮೇಲೆ ಬೆಳೆದೋನು."

ಜ್ವರ ಎಂದರೆ ಕಾಯಿಲೆಯಲ್ಲ. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಅಲುಗದೆ ಕೂರುವುದಕ್ಕೆ ಆ ಕಡೆಯವರು ಹಾಗೆನ್ನುತ್ತಾರೆ. ಅದು ಪ್ರಮೀಳಾಗೂ ಗೊತ್ತಿತ್ತು. ಗೊತ್ತಿಲ್ಲದ್ದು ಬೇರೆ. ಬೆಟ್ಟಮ್ಮನಿಗೆ ಸಿದ್ದೇಶನೆಂಬ ತಮ್ಮನಿದ್ದಾನೆಂದು ತಿಳಿದ ದಿನವೇ ಪ್ರಮೀಳಾ ಅವನಿಗೆ ಫೋನು ಮಾಡಿದ್ದಳು. "ಆ ಮದುವೆ ಆದ ಮೇಲೆ ಭಾವ ನಮ್ಮ ಹೊಸ್ತಿಲು ತುಳಿದಿಲ್ಲ," ಎಂದು ಅವನು ಕಡ್ಡಿ ಮುರಿದಂತೆ ಹೇಳಿದ್ದ.

"ಯಾವ ಮದುವೆ ಬೆಟ್ಟಮ್ಮ?"

"ನನ್ ಮಗಳದು. ಸೋದರಮಾವ ಅವ್ನು, ಹೆಣ್ಣನ್ನ ಹಸೆಗೆ ಕರ್ಕಂಬರ್ಬೇಕಾದೋನು. ಅವತ್ತೇ ಉಳ ಹಣ್ಣಾಗಿ ಗೂಡು ಕಟ್ಟೋಕೆ ಕೂತ್ಬುಟ್ಟೊ. ಬಿಟ್ಟು ಬಂದ್ರೆ ಬೆಳೆಯೆಲ್ಲಾ ಹಾಳು. ಉಳನೆಲ್ಲ ಗೂಡು ಕಟ್ಟೋ ಚಂದ್ರಿಕೆ ತಟ್ಟಿಗೆ ಬುಟ್ಟು ಓಡ್ಬರೋ ಹೊತ್ಗೆ ಮೂರ್ತ ಮುಗ್ದೋಗಿತ್ತು. ನಮ್ಮನೆಯೋರು ಊಟದ ಪಂಕ್ತೀಲಿ, ಅಷ್ಟು ಜನದ್ ಮುಂದೆ, ಉಳನೇ ಕಟ್ಕಂಡ್ ಸಾಯಿ ಹೋಗು ಅಂದ್ಬುಟ್ರು. ಅವ್ನು ಎಲೆ ಬುಟ್ಟು ಎದ್ದೋದ. ಅವತ್ತಿಂದ ಗೌರಿ ಹಬ್ಬಕ್ಕೆ ತವರಿನ ಬಾಗಿನ ನಾನು ಕಂಡಿಲ್ಲ."

ನಾಗರಾಜು ತೂತನ್ನು ಬ್ರಷ್ಷಿನಿಂದ ಗುಡಿಸಿ ವೈರು ಸಿಕ್ಕಿಸಿದ, ಈ ಸಲ ಪಿನ್ನು ಟಕ್ ಎಂದಿತು. ಮೇಜಿನ ಮೇಲೆ ಮೀಟರು ಕಣ್ಣು ಬಿಟ್ಟಿತ್ತು. ಸೊನ್ನೆ ಹೋಗಿ ಒಂದು ಸಣ್ಣ ಅಂಕಿ ಬಂದಿತ್ತು.

"ಕುಡೀತೈತೆ!" ಎಂದ ನಾಗರಾಜು. "ತಡಿ, ಒಂದೇ ಏಟಿಗೆ ಏಳಲ್ಲ. ವಾರದಿಂದ ಉಪವಾಸ ಇರೋ ಬ್ಯಾಟ್ರಿ. ನಿಧಾನಕ್ಕೆ ಗಂಜಿ ಕುಡೀಲಿ."

"ದಾರೀಲಿ ಕುಡೀಲಿ. ವ್ಯಾನ್ ತೆಗೀರಿ," ಎಂದಳು ಪ್ರಮೀಳಾ.

*

ನಾಗರಾಜುವಿನ ಹಳೇ ಓಮ್ನಿಯಲ್ಲಿ ಕಾರಿನ ಚಾರ್ಜರಿಗೆ ವೈರು ಸಿಕ್ಕಿಸಿ, ಫೋನನ್ನು ಬೆಟ್ಟಮ್ಮನ ಮಡಿಲಲ್ಲಿ ಇಟ್ಟರು. ಪಾಂಡವಪುರ ದಾಟಿ ಚಿನಕುರಳಿ ಬರುವವರೆಗೂ ಅವಳು ಅದರ ಮೇಲಿಂದ ಕೈ ತೆಗೆಯಲಿಲ್ಲ. ಗಾಜಿನ ಮೇಲೆ ಧೂಳು ಕಂಡಾಗಲೆಲ್ಲ ಸೆರಗಿನಿಂದ ಒರೆಸುತ್ತಿದ್ದಳು.

ಪ್ರಮೀಳಾಗೆ ಕಿಟಕಿಯ ಹೊರಗಿನ ಗದ್ದೆ ಕಾಣುತ್ತಿರಲಿಲ್ಲ. ಫೋನನ್ನು ಎತ್ತಿಕೊಟ್ಟ ಪಾಂಡವಪುರದ ಕಂಡಕ್ಟರ್ ಶಿವಶಂಕರ್ ನಿನ್ನೆ ಹೇಳಿದ್ದ ಒಂದು ಮಾತು ತಲೆಯಲ್ಲಿ ಸುತ್ತುತ್ತಿತ್ತು. ಬಸ್ಸನ್ನು ದಿನಾ ಸಂಜೆ ಗುಡಿಸುತ್ತಾರೆ, ಸೀಟಿನ ಕೆಳಗೂ ಪೊರಕೆ ಹೋಗುತ್ತದೆ. ಹಾಗಾದರೆ ಫೋನು ಅಲ್ಲಿ ವಾರದಿಂದ ಬಿದ್ದಿರಲಿಲ್ಲ. ಯಾರೋ ನಿನ್ನೆ ತಂದು ಹಾಕಿದ್ದರು. ಆ ಯಾರೋ ಬೆಟ್ಟಮ್ಮನ ತಮ್ಮನೇ ಆಗಿದ್ದರೆ, ಈ ಹೆಂಗಸಿಗೆ ಗಂಡ ಸಿಕ್ಕಿದರೂ ಆರದಂಥ ನೋವು ಕಾದಿತ್ತು. ಪ್ರಮೀಳಾಗೆ ಅವಳ ಮೇಲೆ ಅಕ್ಕರೆ ಉಕ್ಕಿ ಬಂತು. ಕೈ ಚಾಚಿ ಅವಳ ಮೊಣಕಾಲು ಅದುಮಿದಳು.

"ಅವ್ನಿಗೆ ಜೋರು ಮಾಡ್ಬ್ಯಾಡಿ ಕಣವ್ವ," ಎಂದಳು ಬೆಟ್ಟಮ್ಮ. "ಜೋರು ಮಾಡುದ್ರೆ ಬಾಯೇ ಬುಡಲ್ಲ ಅವ್ನು. ಚಿಕ್ಕೋನಿಂದ್ಲೂ ಅಂಗೇ."

ಸಿದ್ದೇಶನ ಊರು ಕೆ.ಆರ್. ಪೇಟೆಯಿಂದಾಚೆ, ನಾಲೆ ಏರಿಯ ಪಕ್ಕ. ಮನೆಯ ಸುತ್ತ ಹಿಪ್ಪುನೇರಳೆ ತೋಟ. ಬೀದಿ ಬಾಗಿಲು ದಾಟಿದರೆ ನಾಲ್ಕು ಕಡೆ ಗೋಡೆಯ ದೊಡ್ಡ ಅಂಗಳ, ಅದರ ಎಡಕ್ಕೆ ಹುಳದ ಮನೆ. ಕಿಟಕಿಗಳಿಗೆಲ್ಲ ಹಸಿರು ಪರದೆ, ಬಾಗಿಲಲ್ಲಿ ಕಾಲು ಅದ್ದಿ ಒಳಗೆ ಹೋಗಲು ಔಷಧಿ ನೀರಿನ ತೊಟ್ಟಿ.

ಸೊಪ್ಪಿನ ಹೊರೆ ಹೊತ್ತು ಹೊರಬಂದ ಸಿದ್ದೇಶ ಅಕ್ಕನನ್ನು ಕಂಡು ನಿಂತುಬಿಟ್ಟ. ನಲವತ್ತೈದರ ಗಟ್ಟಿ ಆಳು, ಹೊರೆ ಇಳಿಸುವುದನ್ನೂ ಮರೆತ. ಬೆಟ್ಟಮ್ಮನೂ ನಿಂತಳು. ಬಾ ಎಂದು ಅವನು ಕರೆಯಲಿಲ್ಲ, ಬಂದೆ ಎಂದು ಅವಳು ಹೇಳಲಿಲ್ಲ. ಕೊನೆಗೆ ಅವನ ಹೆಂಡತಿ ಉಮ ಅಡುಗೆಮನೆಯಿಂದ ಓಡಿಬಂದು, "ಅತ್ಗೆ, ಯಾಕಿಂಗೆ ನಿಂತ್ಕಂಡ್ರಿ, ಕೂತ್ಕಳಿ," ಎಂದು ಚಾಪೆ ಹಾಸಿದಳು.

ನಾಗರಾಜು ಜಗಲಿಯ ಪ್ಲಗ್ಗು ಹುಡುಕಿ ಫೋನನ್ನು ಮತ್ತೆ ಚಾರ್ಜಿಗೆ ಹಾಕಿದ. ಸಿದ್ದೇಶನ ಕಣ್ಣು ಆ ಫೋನಿಗೆ ಹೋಗಿ ತಕ್ಷಣ ಬೇರೆ ಕಡೆ ತಿರುಗಿತು. ಪ್ರಮೀಳಾ ನೋಡಿದಳು.

"ಉಳದ್ ಮನೆ ತಾವ ಮಾತ್ರ ಬರ್ಬ್ಯಾಡಿ," ಎಂದ ಅವನು. "ಇವತ್ತೋ ನಾಳೆಯೋ ಹಣ್ಣಾಗೋ ಉಳ. ಹೊರಗಿನೋರ ಗಾಳಿ ತಾಕಂಗಿಲ್ಲ."

"ನಂಗೆ ಉಳದ್ ಮನೆ ಬ್ಯಾಡ ಸಿದ್ದೇಶಪ್ಪ. ಒಳಗಿಂದ ಒಂದು ಹಿಡಿ ಸುಣ್ಣ ತಂದ್ಕೊಡಿ, ಸಾಕು."

"ಸುಣ್ಣ ಯಾಕೆ?"

"ನಮ್ಮನೆಯೋರಿಗೆ ರುಚಿ ಹತ್ಬುಟ್ಟೈತೆ."

ನಾಗರಾಜು ಹೌದೆಂಬಂತೆ ಗಂಭೀರವಾಗಿ ತಲೆಯಾಡಿಸಿದ. ಸಿದ್ದೇಶ ಅನುಮಾನದಿಂದಲೇ ಒಳಗೆ ಹೋಗಿ ಹಿಡಿ ಸುಣ್ಣ ತಂದ. ಪ್ರಮೀಳಾ ಕಾಗದದ ಪೊಟ್ಟಣ ಬಿಚ್ಚಿ, ಫೋನಿನಿಂದ ತೆಗೆದ ಚೂರುಗಳನ್ನು ಅದರ ಪಕ್ಕ ಸುರಿದಳು.

"ನಿಮ್ ಭಾವನ ಫೋನಲ್ಲಿ ಇದು ಸಿಕ್ತು."

"ಸುಣ್ಣ ಯಾರ ಮನೇಲಿಲ್ಲ ಮೇಡಂ?"

"ಇದು?" ಎಳೆಯನ್ನು ಬೆರಳಿಗೆ ಸುತ್ತಿ ತೋರಿಸಿದಳು.

"ಈ ತಾಲ್ಲೂಕಲ್ಲಿ ರೇಷ್ಮೆ ಮಾಡೋರಿಗೇನು ಬರಗಾಲ?"

"ಇಲ್ಲ. ಅವ್ರಲ್ಲಿ ಮಾಯಣ್ಣೋರು ಹುಡುಕ್ಕೊಂಡು ಹೋಗೋರು ಎಷ್ಟು ಜನ ಅಂತ ನೀವೇ ಹೇಳಿ."

ಸಿದ್ದೇಶ ಬಾಯಿ ಬಿಗಿದುಕೊಂಡ. ಅಕ್ಕ ಹೇಳಿದ್ದು ಸುಳ್ಳಲ್ಲ, ಜೋರು ಮಾಡಿದರೆ ಈ ಬಾಯಿ ತೆರೆಯುವುದಿಲ್ಲ. ಪ್ರಮೀಳಾ ಚಾಪೆಯ ಮೇಲೆ ಸರಿದು ಕೂತು, ಮನೆಯವರೊಡನೆ ಹರಟುವ ದನಿಯಲ್ಲಿ ಮಾತು ತೆಗೆದಳು.

"ನೋಡಿ ಸಿದ್ದೇಶಪ್ಪ, ನಾನು ಇಷ್ಟು ವರ್ಷ ಕೆಟ್ಟ ಕೆಲ್ಸ ಮಾಡ್ದೋರನ್ನ ಕಂಡಿವ್ನಿ. ಫೋನು ಸಿಕ್ರೆ ಕಲ್ಲಲ್ಲಿ ಕುಟ್ತಾರೆ, ಇಲ್ಲ ನಾಲೆಗೆ ಬಿಸಾಕ್ತಾರೆ. ನಾಲೆ ಇಲ್ಲೇ ಐತಲ್ಲ, ಎರಡೆಜ್ಜೆ. ಈ ಫೋನು ಒದ್ದೆ ಆಗಿತ್ತು. ಯಾರೋ ಅದನ್ನ ಒಣಗ್ಲಿ ಅಂತ ಸುಣ್ಣದಲ್ಲಿ ಹೂತಿಟ್ರು. ಅಕ್ಕೀಲಿ ಹೂಳಕ್ಕೆ ಎಲ್ರಿಗೂ ಗೊತ್ತು. ಸುಣ್ಣದಲ್ಲಿ ಹೂಳ್ಬೇಕು ಅನ್ನೋದು ಉಳ ಸಾಕೋರಿಗೆ ಮಾತ್ರ ಹೊಳೆಯೋದು. ಇದನ್ನ ಮಾಡ್ದೋರಿಗೆ ಈ ಫೋನು ಬದುಕ್ಬೇಕಾಗಿತ್ತು. ಅಂತೋರು ಫೋನಿನ ಯಜಮಾನಂಗೆ ಕೇಡು ಬಗೀತಾರಾ? ನಂಗೆ ನಂಬಿಕೆ ಇಲ್ಲ."

ಸಿದ್ದೇಶ ಸುಣ್ಣದ ಚೂರುಗಳನ್ನೇ ನೋಡುತ್ತ ನಿಂತ.

ಬೆಟ್ಟಮ್ಮ ಎದ್ದು ಅವನ ಮುಂದೆ ಹೋಗಿ ನಿಂತಳು. ಅವನ ಕೂದಲಲ್ಲಿ ಸಿಕ್ಕಿಕೊಂಡಿದ್ದ ಒಂದು ಸೊಪ್ಪಿನೆಲೆ ತೆಗೆದಳು. "ಲೇ ಸಿದ್ದ. ನಿನ್ ಭಾವ ಬಂದಿದ್ರೇನ್ಲಾ?"

ಅಷ್ಟು ಸಾಕಾಯಿತು.

"ಬಂದಿದ್ರು ಅಕ್ಕಯ್ಯ. ಸ್ವಾಮವಾರ ಸಂಜೆ, ಇದೇ ಬಾಗ್ಲಲ್ಲಿ ಬಂದು ನಿಂತ್ಕಂಡ್ರು. ನಂಗೇನು ಮಾತಾಡ್ಬೇಕು ಅಂತ್ಲೇ ತಿಳೀದೆ ಸುಮ್ಕೆ ನಿಂತಿದ್ದೆ. 'ಉಳ ಎಂಗವೆಲಾ' ಅಂದ್ರು." ಅವನ ದನಿ ಒಡೆಯಿತು. "ಉಳ ಕಟ್ಕಂಡ್ ಸಾಯಿ ಅಂದಿದ್ದೋರು, ಉಳ ಎಂಗವೆ ಅಂತ ಕೇಳುದ್ರು ಅಕ್ಕಯ್ಯ!"

ಬೆಟ್ಟಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಒಳಕ್ಕೆ ಬಂದು ನೋಡ್ತೀನಿ ಅಂದ್ರು. ಔಷ್ದಿ ನೀರಲ್ಲಿ ಕಾಲು ತೊಳ್ಕಬೇಕು ಭಾವ ಅಂದೆ. ಒಂದ್ ಮಾತಾಡ್ದೆ ಪಂಚೆ ಎತ್ಕಂಡು ಬಗ್ಗುದ್ರು. ಜೋಬಲ್ಲಿದ್ದ ಫೋನು ಸೀದಾ ತೊಟ್ಟಿಗೆ ಬಿತ್ತು. ಉಳ ನಾಕನೇ ಜ್ವರಕ್ಕೆ ಕೂತಿದ್ದೊ, ಸುಣ್ಣದ ಮಂಕರಿ ಕೈಲೇ ಇತ್ತು. ಹಾಸ್ಗೇಲಿ ಎಷ್ಟೇ ಶೀತ ಇದ್ರೂ ಸುಣ್ಣ ಎಳ್ಕತದೆ, ಫೋನಿಂದೂ ಎಳ್ಕತದೆ ಅಂದ್ಕಂಡು ಹೂತ್ಬುಟ್ಟೆ."

ನಾಗರಾಜು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. "ಅಕ್ಕೀಲಿ ಇಟ್ಟೋರು, ರಾಗೀಲಿ ಇಟ್ಟೋರು, ಫ್ರಿಜ್ಜಲ್ಲಿ ಇಟ್ಟೋರು ಎಲ್ಲಾ ನನ್ ಅಂಗಡಿಗೆ ಬಂದವ್ರೆ. ಗೋಡೆಗೆ ಬಳಿಯಂಗೆ ಫೋನಿಗೆ ಸುಣ್ಣ ಹೊಡ್ದೋನು ನೀನೊಬ್ನೇ ಕಣಪ್ಪ!"

ಬೆಟ್ಟಮ್ಮನಿಗೆ ಅಳುವಿನ ನಡುವೆಯೇ ನಗು ಬಂತು. ತಮ್ಮನ ಬೆನ್ನಿಗೆ ಒಂದು ಗುದ್ದು ಹಾಕಿದಳು. ಸಿದ್ದೇಶ ಕಣ್ಣೊರೆಸಿಕೊಳ್ಳಲು ಕೈ ಎತ್ತಿ, ಕೈ ತುಂಬ ಸುಣ್ಣವಿದೆಯೆಂದು ನೆನಪಾಗಿ ಇಳಿಸಿದ. ಅಕ್ಕನೇ ಸೆರಗಿನಿಂದ ಅವನ ಮುಖ ಒರೆಸಿದಳು. ಇಷ್ಟು ವರ್ಷದ ಮುನಿಸು ಅಂಗಳದ ನಡುವೆ ಹಾಗೆ ಕರಗುವುದನ್ನು ಪ್ರಮೀಳಾ ಕಣ್ತುಂಬ ನೋಡಿದಳು.

"ಮತ್ತೆ ನಾನು ಕೇಳ್ದಾಗ ಬಂದಿಲ್ಲ ಅಂದ್ರಲ್ಲ?"

"ಭಾವನೇ ಅಂಗನ್ನು ಅಂದಿದ್ರು. ಈ ಗೌರಿ ಹಬ್ಬಕ್ಕೆ ಬಾಗಿನ ತಕ್ಕಂಡು ಬಾ, ಅಲ್ಲೀಗಂಟ ನಿಮ್ಮಕ್ಕಂಗೆ ಗೊತ್ತಾಗ್ಬಾರ್ದು, ಬಾಗ್ಲಲ್ಲಿ ನಿನ್ನ ನೋಡುದ್ರೆ ಅವಳ ಮುಖ ಎಂಗಾಗ್ತದೆ ನಾನು ನೋಡ್ಬೇಕು ಅಂದ್ರು. ಆಮೇಕೆ ಭಾವ ಮನೆಗೇ ಹೋಗಿಲ್ಲ ಅಂತ ನೀವಂದಾಗ ಭಯ ಆಗೋಯ್ತು. ಒಂದ್ಸಲ ಇಲ್ಲ ಅಂದ್ಬುಟ್ಟಿದ್ನಲ್ಲ."

ಉಮ ಕಾಫಿ ತಂದಳು. ಪ್ರಮೀಳಾ ಲೋಟಕ್ಕೆ ಕೈ ಚಾಚಿದಳು. ಕಾಫಿ ತುಳುಕಿ ಉಮಳ ಬೆರಳ ಮೇಲೆ ಬಿದ್ದರೂ ಅವಳಿಗೆ ಅದರ ಅರಿವಿರಲಿಲ್ಲ.

ಇಷ್ಟು ಹೊತ್ತು ಕರಗಿದ್ದ ಪ್ರಮೀಳಾ ಮತ್ತೆ ಪೊಲೀಸಾದಳು.

"ಯಾವಾಗ ಹೊರಟ್ರು ಮಾಯಣ್ಣೋರು?"

"ಮಾರ್ನೆ ದಿನ ಒತ್ತಾರೆ. ಮಂಗಳವಾರ," ಎಂದ ಸಿದ್ದೇಶ. "ಫೋನು ಜೋಬಲ್ಲಿ ಮಡಿಕ್ಕಂಡೇ ಹೋದ್ರು."

"ಬಸ್ಸು ಹತ್ತಿಸಿದ್ದು ಯಾರು?"

"ನಾನು," ಎಂದ ಸಿದ್ದೇಶ.

"ಅವ್ರೊಬ್ರೇ ಹೋದ್ರು," ಎಂದಳು ಉಮ.

ಎರಡು ಮಾತೂ ಒಟ್ಟಿಗೇ ಬಂದವು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಳದ ಮನೆಯೊಳಗಿನಿಂದ ಸಾವಿರಾರು ಹುಳಗಳು ಸೊಪ್ಪು ಮೇಯುವ ಸದ್ದು ಸಣ್ಣಗೆ ಕೇಳುತ್ತಿತ್ತು.

ಮಂಗಳವಾರ ಮಾಯಣ್ಣನ ಜೇಬಿನಲ್ಲಿ ಹೋದ ಫೋನು ನಿನ್ನೆ ಬಸ್ಸಿನ ಸೀಟಿನ ಕೆಳಗೆ ಹೇಗೆ ಬಂತು? ನಡುವಿನ ದಿನಗಳಲ್ಲಿ ಅದು ಯಾರ ಹತ್ತಿರ ಇತ್ತು? ಪ್ರಮೀಳಾ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಜಗಲಿಯಿಂದ ನಾಗರಾಜು ಕೂಗಿದ.

"ಪ್ರಮೀ! ಎದ್ಬುಡ್ತು! ಜೀವ ಬಂತು ಕಣೇ!"

ಎಲ್ಲರೂ ಜಗಲಿಗೆ ಓಡಿದರು. ಗಾಜಿನ ಮೇಲೆ ಬೆಳಕು ಬಂದಿತ್ತು. ಮಗಳ ಮದುವೆಯ ಫೋಟೊ, ಅದರಲ್ಲಿ ಪೇಟ ಸುತ್ತಿದ ಮಾಯಣ್ಣ. ಬೆಟ್ಟಮ್ಮ ಗಂಡನ ಮುಖದ ಮೇಲೆ ಬೆರಳಿಟ್ಟು, "ನೋಡ್ಲಾ ಸಿದ್ದ, ನಗ್ತಾವ್ರೆ," ಎಂದಳು.

ನಾಗರಾಜು ಮಾತ್ರ ನಗಲಿಲ್ಲ. "ಇದ್ರಲ್ಲಿ ಸಿಮ್ಮೇ ಇಲ್ಲ," ಎಂದ ಮೆಲ್ಲಗೆ. "ಸಿಮ್ ಹಾಕಿ ಅಂತ ಬರ್ತೈತೆ. ಯಾರೋ ತೆಗೆದವ್ರೆ."

"ಮಾಯಣ್ಣೋರೇ ತೆಗೆದಿರಬಹುದಾ?"

"ನಮ್ಮನೆಯೋರಾ? ಅವ್ರಿಗೆ ಸಿಮ್ಮು ಎಲ್ಲೈತೆ ಅಂತ್ಲೇ ಗೊತ್ತಿಲ್ಲ ಕಣವ್ವ," ಎಂದಳು ಬೆಟ್ಟಮ್ಮ.

"ನಾನು ಮುಟ್ಟಿಲ್ಲ," ಎಂದ ಸಿದ್ದೇಶ. ಯಾರೂ ಅವನನ್ನು ಕೇಳಿರಲಿಲ್ಲ.

"ಬೆಟ್ಟಮ್ಮ, ಅವರ ನಂಬರಿಗೆ ಒಂದ್ಸಲ ಫೋನ್ ಮಾಡಿ," ಎಂದಳು ಪ್ರಮೀಳಾ.

"ದಿನಾ ಮಾಡ್ತಾನೇ ಇವ್ನಿ. ಸ್ವಿಚ್ ಆಫು ಅಂತ ಒಬ್ಳು ಹೇಳ್ತಾಳೆ, ಅಷ್ಟೆ." ಆದರೂ ತನ್ನ ಗುಂಡಿ ಒತ್ತುವ ಫೋನು ತೆಗೆದು ನಂಬರು ಒತ್ತಿದಳು. ಕಿವಿ ಸ್ವಲ್ಪ ಮಂದ, ಹಾಗಾಗಿ ಸ್ಪೀಕರು ಹಾಕಿಕೊಂಡೇ ಮಾತಾಡುವ ಅಭ್ಯಾಸ.

ರಿಂಗಾಯಿತು.

ಬೆಟ್ಟಮ್ಮ ಉಸಿರು ಬಿಗಿಹಿಡಿದಳು. ಜಗಲಿಯ ಮೇಲೆ ಮಾಯಣ್ಣನ ಫೋನು ಸುಮ್ಮನೆ ಬಿದ್ದಿತ್ತು. ಬೇರೆಲ್ಲೋ, ಬೇರೆ ಯಾವುದೋ ಫೋನು ಬಡಿದುಕೊಳ್ಳುತ್ತಿತ್ತು. ಕಡೆಗೆ ಯಾರೋ ಎತ್ತಿದರು.

"ಬೆಟ್ಟೀ?"

ದನಿ ಬಹಳ ಸಣ್ಣಗಿತ್ತು. ಆದರೂ ಅದು ಯಾರದೆಂದು ಬೆಟ್ಟಮ್ಮನಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಅವಳು ನಿಂತಲ್ಲೇ ಕುಸಿದು ಕೂತಳು.

"ಎಲ್ಲಿದ್ದೀರಿ? ಅಯ್ಯೋ, ಬದುಕಿದ್ದೀರಾ? ಮಾತ್ರೆ ತಕ್ಕಂಡ್ರಾ? ಎಲ್ಲಿದ್ದೀರಿ?"

"ನೀನೆಲ್ಲಿದೀಯ?"

"ನಾನು ಸಿದ್ದನ್ ಮನೇಲಿ ಇವ್ನಿ. ನನ್ ತಮ್ಮ ಎಲ್ಲಾ ಹೇಳ್ದ. ನಂಗೋಸ್ಕರ ಬಂದಿದ್ರಂತೆ…"

ಮಾಯಣ್ಣನ ದನಿ ಇನ್ನೂ ತಗ್ಗಿತು.

"ಬೆಟ್ಟಿ, ನಾನ್ ಹೇಳೋದು ಕೇಳು. ಈಗಿಂದೀಗ್ಲೇ ಎದ್ದು ಆ ಮನೆಯಿಂದ ಹೊರಕ್ಕೆ ಬಾ. ನಾನು ಬದುಕಿವ್ನಿ ಅಂತ ಸಿದ್ದಂಗೆ ಗೊತ್ತಾಗ್ಬಾರ್ದು."

ಕರೆ ಕಡಿಯಿತು.

ಆ ಮಾತು ಜಗಲಿಯಲ್ಲಿದ್ದ ಪ್ರತಿಯೊಬ್ಬರಿಗೂ ಕೇಳಿಸಿತ್ತು. ಉಮ ಕಂಬ ಹಿಡಿದು ನಿಂತಿದ್ದಳು. ನಾಗರಾಜು ತನಗೇ ಗೊತ್ತಿಲ್ಲದೆ ಹೆಂಡತಿಗೆ ಅಡ್ಡ ಬಂದು ನಿಂತಿದ್ದ. ಪ್ರಮೀಳಾ ಸಿದ್ದೇಶನ ಮುಖವನ್ನೇ ನೋಡಿದಳು. ಅಲ್ಲಿ ಆಶ್ಚರ್ಯ ಇರಲಿಲ್ಲ.

ಸಿದ್ದೇಶ ಯಾರ ಕಡೆಗೂ ನೋಡದೆ ಜಗಲಿ ಇಳಿದ, ಅಂಗಳ ದಾಟಿದ, ಬೀದಿ ಬಾಗಿಲು ಮುಚ್ಚಿ ಅಗುಳಿ ಹಾಕಿದ.

ನೆಲದ ಮೇಲೆ ಕೂತಿದ್ದ ಬೆಟ್ಟಮ್ಮ ತಲೆ ಎತ್ತಿದಳು. ಅವಳ ದನಿಯಲ್ಲಿ ಇನ್ನೂ ಭಯ ಹುಟ್ಟಿರಲಿಲ್ಲ. ಎತ್ತಿ ಆಡಿಸಿದ ಮಗುವನ್ನು ಕೇಳುವಂತೆಯೇ ಕೇಳಿದಳು.

"ಬಾಗ್ಲು ಯಾಕ್ಲಾ ಹಾಕ್ದೆ, ಸಿದ್ದ?"